ಗಾಜು ಜಾರಿತು

ಆ ದಿನ ಹದಿನೇಳನೆಯ ಮಂಗಳವಾರ. ವಾರ ಎಣಿಸಬಾರದೆಂದು ಎಷ್ಟು ಸಲ ಅಂದುಕೊಂಡಿದ್ದರೂ ಕಣ್ಣು ಬಿಡುವ ಮೊದಲೇ ಆ ಸಂಖ್ಯೆ ತಾನಾಗಿ ಬಂದು ಅವನ ಎದೆಯ ಮೇಲೆ ಕೂತುಬಿಡುತ್ತಿತ್ತು. ಗಾಜಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಒರಗಿಸಿಟ್ಟ ಖಾಲಿ ಚೌಕಟ್ಟುಗಳ ನಡುವಿನ ಮಂಚದ ಮೇಲೆ ಮಲಗಿಯೇ ಕಿವಿಗೊಟ್ಟ. ಮುಂದೆ ಅಂಗಡಿಯಲ್ಲಿ ಕುರ್ಚಿ ಕಿರುಗುಟ್ಟಿತು. ಅಣ್ಣ ಇವತ್ತೂ ಬೆಳಕು ಹರಿಯುವ ಮೊದಲೇ ಮಹಡಿಯಿಂದ ಇಳಿದು ಬಂದು ಕೂತಿದ್ದಾನೆ. ಎರಡು ತಿಂಗಳಿಂದ ಹೀಗೇ. ತಾನು ಹಿಂದಿನ ದಿನ ಕತ್ತರಿಸಿಟ್ಟ ಗಾಜುಗಳನ್ನು ಒಂದೊಂದಾಗಿ ಅಳೆದು ನೋಡಲು ಬರುತ್ತಾನೆ, ತಪ್ಪು ಸಿಕ್ಕರೆ ಗಿರಾಕಿಗಳೆದುರು ಹೇಳಲು ಇಟ್ಟುಕೊಳ್ಳುತ್ತಾನೆ ಎಂದು ಮೊದಮೊದಲು ಅವನಿಗೆ ಅನ್ನಿಸಿತ್ತು. ಆಮೇಲೆ ಒಂದು ದಿನ, ಇಲ್ಲ, ಕಾಲಿನ ನೋವಿಗೆ ನಿದ್ದೆ ಬಾರದೆ ಬರುತ್ತಾನೆ ಎಂದು ಹೊಳೆಯಿತು. ಹಾಗೆ ಹೊಳೆದ ದಿನದಿಂದ ಕುರ್ಚಿಯ ಸದ್ದು ಕೇಳಿದಾಗಲೆಲ್ಲ ಅವನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ. ಐವತ್ತಕ್ಕೆ ಬರುತ್ತಿರುವ ಗಂಡಸು, ಮಗ್ಗಲು ಬದಲಿಸಿದರೆ ಮಂಚದ ಸದ್ದಾಗಿ ಅಣ್ಣ ಕರೆದಾನೆಂದು ಹೆದರಿ, ಕಟ್ಟಿಗೆಯ ತುಂಡಿನಂತೆ ಬಿದ್ದುಕೊಂಡಿರುವುದು. ಕರೆದರೆ ಏನು ಕೇಳಿಯಾನು? ಏನನ್ನೂ ಕೇಳುವುದಿಲ್ಲ. ಹದಿನೇಳು ವಾರದಲ್ಲಿ ಒಂದು ಮಾತೂ ಕೇಳಿಲ್ಲ. ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿದ್ದುದು.

ಅತ್ತಿಗೆ ಇಳಿದು ಬಂದಳು. ಕೈಯಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿ, ಇಸ್ತ್ರಿ ಮಾಡಿದ ಬಟ್ಟೆಯ ಪಟ್ಟಿಗಳು. ಆಸ್ಪತ್ರೆಯಲ್ಲಿ ಇವನ್ನೆಲ್ಲ ಯಾರೂ ಬಳಸುವುದಿಲ್ಲ, ಅವರ ಹತ್ತಿರ ಅವರದೇ ಬ್ಯಾಂಡೇಜ್ ಬಟ್ಟೆ ಇದೆ. ಆದರೂ ಪ್ರತಿ ಮಂಗಳವಾರ ಅವಳು ಚೀಲ ತುಂಬಿ ಕೊಡುತ್ತಾಳೆ, ಅವನು ಹಾಗೇ ವಾಪಸು ತರುತ್ತಾನೆ. ವಾರದ ಉಳಿದ ದಿನ ಅಣ್ಣನ ಕಾಲಿನ ಗಾಯದ ಕಟ್ಟು ಬಿಚ್ಚಿ ಕಟ್ಟುವುದು ಅವಳೇ. ಕೈ ತೊಳೆದು ತೊಳೆದು ಅವಳ ಬೆರಳ ಸಂದುಗಳು ಬಿರುಕು ಬಿಟ್ಟಿದ್ದವು. "ಸಿಸ್ಟರ್‌ನ ಕೇಳು," ಅಂದಳು ತಗ್ಗಿದ ದನಿಯಲ್ಲಿ, "ನಾನು ಕಟ್ಟೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗ್ತಿದ್ಯಾ ಅಂತ. ಸಂಕೋಚ ಮಾಡ್ಕೋಬೇಡ. ಕೇಳು." ಅವನು ತಲೆಯಾಡಿಸಿದ. ಅವಳ ಮುಖ ನೋಡಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಅವನಿಗೆ ಟೈಫಾಯ್ಡ್ ಆದಾಗ ಹಣೆಗೆ ಒದ್ದೆಬಟ್ಟೆ ಹಾಕಿದ್ದು ಇವಳೇ, ಮದುವೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಗಾಯ ಹೇಗಾಯಿತೆಂದು ಅವಳಿಗೂ ಗೊತ್ತಿಲ್ಲ. ಅಥವಾ ಊರಿಗೆಲ್ಲ ಗೊತ್ತಿರುವಷ್ಟೇ ಗೊತ್ತು. ಗಾಜು ಜಾರಿತು.

ಬಸ್ಸಿಳಿದು ಆಸ್ಪತ್ರೆಗೆ ನಡೆಯುವ ದೂರ ಮುನ್ನೂರು ಹೆಜ್ಜೆಯೂ ಇಲ್ಲ. ಆದರೆ ಅಣ್ಣನ ಜೊತೆ ಅದು ಮುಗಿಯುವುದೇ ಇಲ್ಲ. ಒಂದು ಬಟ್ಟೆಯಂಗಡಿಯ ಮುಂದೆ ನಿಂತ, "ನೋಡು, ಗಾಜಿನ ಸುತ್ತ ಪುಟ್ಟಿ ಹೆಂಗೆ ಮೆತ್ತಿದಾನೆ, ಗೋಡೆಗೆ ಮಣ್ಣು ಮೆತ್ತಿದ ಹಾಗೆ," ಅಂದ. ಮೂವತ್ತು ಹೆಜ್ಜೆ ನಡೆದು ಬೇಕರಿಯ ಮುಂದೆ ನಿಂತು ಗಾಜಿನ ಅಂಚನ್ನು ಬೆರಳಿನಿಂದ ಸವರಿದ. "ಅಂಚು ಮಸೆದೇ ಇಲ್ಲ. ಯಾವನೋ ನಿನ್ನಂಥವನೇ ಹಾಕಿರ್ಬೇಕು." ಅಣ್ಣ ನಕ್ಕ, ನಗು ಅರ್ಧದಲ್ಲಿ ನಿಂತು ಕೆಮ್ಮಾಯಿತು. ಅವನು ಚೀಲ ಹಿಡಿದು ಪಕ್ಕದಲ್ಲಿ ನಿಂತ. ಈ ನಿಲುಗಡೆಗಳನ್ನೆಲ್ಲ ಅವನು ಬಹಳ ದಿನದಿಂದ ಬಲ್ಲ. ಅಂಗಡಿಯ ಮೆಟ್ಟಿಲಲ್ಲಿ ಎರಡು ಕಡೆ ನಿಂತು ಅಣ್ಣ ಏನಾದರೊಂದು ತೋರಿಸಿ ಬೈಯುತ್ತಾನೆ. ಧೂಳು ಹೊಡೆದಿಲ್ಲ, ಬಲ್ಬು ಬದಲಾಯಿಸಿಲ್ಲ. ವಯಸ್ಸಾದಂತೆ ಕಿರಿಕಿರಿ ಜಾಸ್ತಿಯಾಯಿತು ಎಂದು ಅವನು ಹಲ್ಲು ಕಚ್ಚಿ ಸಹಿಸಿಕೊಂಡಿದ್ದ. ಭಾರದ ಗಾಜು ಬಂದಾಗ ಅಣ್ಣ ಹಗುರದ ತುದಿ ಹಿಡಿಯಲು ಶುರು ಮಾಡಿದ್ದನ್ನೂ ಗಮನಿಸಿದ್ದ, ದೊಡ್ಡವನ ದರ್ಬಾರು ಅಂದುಕೊಂಡಿದ್ದ. ಗಿರಾಕಿಗಳು ಅಣ್ಣನನ್ನು ದೊಡ್ಡೋರು ಅನ್ನುತ್ತಿದ್ದರು, ಅವನನ್ನು ಚಿಕ್ಕೋರು. ತಲೆಯಲ್ಲಿ ಬಿಳಿಕೂದಲು ಬಂದರೂ ಚಿಕ್ಕೋರು. ಹಾಗೆ ಕರೆಯುವವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಅದಕ್ಕೇ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಸಿಟ್ಟು ಹೋಗಿ ಅವನ ಬೆರಳುಗಳಲ್ಲಿ ಕೂತಿತ್ತೇನೋ. ಗಾಯವಾದ ದಿನ ಔಷಧಿ ಅಂಗಡಿಯ ಯಜಮಾನ ಬಂದಿದ್ದ, ಜೊತೆಗೆ ಇಬ್ಬರು ಹೆಂಗಸರು. ಅಂಗಡಿಯ ಮುಂಭಾಗಕ್ಕೆ ಆಳೆತ್ತರದ ಗಾಜು ಬೇಕು. ಅಳತೆ ತಂದದ್ದು ಅವನು. ಸರಿಯಾಗಿಯೇ ತಂದಿದ್ದ, ಎರಡು ಸಲ ಟೇಪು ಹಿಡಿದು ನೋಡಿದ್ದ. ಅಣ್ಣ ಚೀಟಿ ಓದಿ, "ಅಳತೆ ಇವನ ಕೈಗೆ ಕೊಟ್ಟಿದ್ರಾ? ಇವನಿಗೆ ಇವನ ಅಂಗಿ ಅಳತೇನೇ ಗೊತ್ತಿಲ್ವಲ್ರೀ," ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನಿಜವಾಗಿ ಚುಚ್ಚಿದ್ದು ಅವರ ನಗು ಅಲ್ಲ, ತನ್ನ ಬಾಯಿಂದ ಹೊರಟ ಆ ನಗು. ಬಾಲ ಅಲ್ಲಾಡಿಸಿದಂಥ ನಗು. ಅರ್ಧ ಗಂಟೆಯ ಮೇಲೆ ಇಬ್ಬರೂ ಆ ಗಾಜನ್ನು ಎತ್ತಿ ಬೀದಿಗೆ ತಂದರು. ಗಾಜು ಹೊರುವ ಕೆಲಸಕ್ಕೆ ಒಂದೇ ಒಂದು ಕಟ್ಟುಪಾಡು: ಕೈ ಬಿಡುವವನು "ಬಿಟ್ಟೆ" ಅನ್ನಬೇಕು, ಇನ್ನೊಬ್ಬ "ಹೂಂ" ಅನ್ನಬೇಕು, ಆಮೇಲೆ ಬಿಡಬೇಕು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ತಪ್ಪಿರಲಿಲ್ಲ. ಗಾಜಿನ ಆ ಕಡೆ ಅಣ್ಣನ ಮುಖ ಕಾಣುತ್ತಿತ್ತು. ವ್ಯಾನಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗ ಅಣ್ಣ ಅಂದ: "ಇಳಿಸು." ಇಲ್ಲೇಕೆ ಇಳಿಸುವುದು, ನಡುಬೀದಿಯಲ್ಲಿ? ಅವನು ಕೇಳಿಸದವನಂತೆ ಇನ್ನೊಂದು ಹೆಜ್ಜೆ ಇಟ್ಟ. "ಇಳಿಸೋ!" ಆ ಓಕಾರದಲ್ಲಿ ಮೂವತ್ತು ವರ್ಷ ಇತ್ತು. ಹಿಂದೆ ಇನ್ನೂ ಆ ಹೆಂಗಸರು ನಿಂತಿದ್ದರು. ಅವನು ಬೆರಳು ಬಿಡಿಸಿದ.

ಎಷ್ಟೋ ಸಲ ಅವನು ಆ ಗಳಿಗೆಗೆ ವಾಪಸು ಹೋಗಿ ಬೆರಳುಗಳನ್ನು ಪರೀಕ್ಷಿಸಿದ್ದಾನೆ. ಬೆವರಿತ್ತೇ? ಇರಲಿಲ್ಲ. ಸೋತಿದ್ದವೇ? ಇಲ್ಲ. ಇಳಿಸು ಅಂದೆಯಲ್ಲ, ತಗೋ, ಇಳಿಸಿದೆ ಎಂಬ ಒಂದು ಸಣ್ಣ, ಮಕ್ಕಳ ಹಟದಂಥ ಯೋಚನೆ ಮಿಂಚಿ ಹೋಗಿತ್ತು, ಅಷ್ಟೆ. ಗಾಜಿನ ಮೂಲೆ ಅಣ್ಣನ ಮುಂಗಾಲ ಮೂಳೆಯ ಮೇಲೆ ಗೀರಿಕೊಂಡು ಇಳಿದು ನೆಲಕ್ಕೆ ತಾಗಿ ನಿಂತಿತು. ಒಡೆಯಲೂ ಇಲ್ಲ. ಅಣ್ಣ ಆ ಕಡೆಯಿಂದ ಅದನ್ನು ಹಿಡಿದುಕೊಂಡೇ ಇದ್ದ. ಪ್ಯಾಂಟು ಕಪ್ಪಾಗುತ್ತ ಬಂತು. ಔಷಧಿ ಅಂಗಡಿಯವನು ಓಡಿ ಬಂದಾಗ ಅಣ್ಣ ಫುಟ್‌ಪಾತಿನ ಮೇಲೆ ಕೂತು ಅವನತ್ತ ಒಮ್ಮೆ ನೋಡಿದ, ಆಮೇಲೆ ಬಂದವನತ್ತ ತಿರುಗಿ, "ಗಾಜು ಜಾರಿತು. ಏನೂ ಆಗಿಲ್ಲ," ಅಂದ. ಆರು ಹೊಲಿಗೆ. ಗಾಜಿನ ಕೆಲಸದವರಿಗೆ ಅದೇನು ಮಹಾ! ಅಣ್ಣನ ಕೈ ನೋಡಿದರೆ ಸಾಕು, ಬೆರಳಿಗೊಂದು ಗೆರೆ. ಬೆಳಿಗ್ಗೆ ಕುಯ್ದುಕೊಂಡದ್ದು ಮೂರನೆಯ ದಿನಕ್ಕೆ ಒಣಗಿ ಉದುರುತ್ತಿತ್ತು. "ನಮ್ಮದು ಒಳ್ಳೇ ಮೈ ಕಣ್ರೀ," ಎಂದು ಹೇಳಿಕೊಳ್ಳುತ್ತಿದ್ದವನು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು, ಹದಿನೈದನೆಯ ದಿನ ಗಾಯ ಬಾಯಿ ಬಿಟ್ಟಿತು. ಅಲ್ಲಿಂದೀಚೆಗೆ ಮುಚ್ಚಲೇ ಇಲ್ಲ. ಸಕ್ಕರೆ ಕಾಯಿಲೆ ಇರಬೇಕೆಂದು ಮೂರು ಸಲ ರಕ್ತ ತೆಗೆದು ನೋಡಿದರು, ಇರಲಿಲ್ಲ. ಮುಲಾಮು ಬದಲಾಯಿಸಿದರು, ಮಾತ್ರೆ ಬದಲಾಯಿಸಿದರು. ಒಂದು ವಾರ ಅಂಚು ಸ್ವಲ್ಪ ಒಳಕ್ಕೆ ಬಂದಂತೆ ಕಾಣುತ್ತಿತ್ತು, ಮುಂದಿನ ವಾರ ಮತ್ತೆ ಅಲ್ಲಿಗೇ. ಯಾರೂ ಬಾಯಿ ಬಿಡದಿರುವುದಕ್ಕೆ ಅದೊಂದು ಬಾಯಿ ಬಿಟ್ಟುಕೊಂಡು ಕೂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ತಾನು ಹೇಳಿಬಿಟ್ಟರೆ ಮಾಯ್ದೀತು ಎಂಬ ಹುಚ್ಚು ಯೋಚನೆ ಬಂದು, ಅದಕ್ಕೆ ನಾಚಿಕೆಯಾಗಿ, ನಾಚಿಕೆಯಾದದ್ದರಿಂದಲೇ ಇನ್ನೂ ಒಂದು ವಾರ ಸುಮ್ಮನಿರುತ್ತಿದ್ದ.

ಡ್ರೆಸ್ಸಿಂಗ್ ಕೋಣೆಯಲ್ಲಿ ಹಳೆಯ ಸಿಸ್ಟರ್ ಇರಲಿಲ್ಲ. ರಜೆಯಂತೆ. ಅವಳ ಜಾಗದಲ್ಲಿ ಬೇರೊಬ್ಬಳು, ದಪ್ಪ ಕನ್ನಡಕ, ಮಾತು ಕಡಿಮೆ. ಅಣ್ಣನ ಕಾಲನ್ನು ಎತ್ತಿ ಸ್ಟೂಲಿನ ಮೇಲೆ ಇಟ್ಟಳು, ಕಟ್ಟು ಬಿಚ್ಚಿದಳು. ಅಂಟಿಕೊಂಡಿದ್ದ ಕೊನೆಯ ಪದರಕ್ಕೆ ನೀರು ಹನಿಸುತ್ತ ಕಾದಳು. ಗಾಯ ಕಾಣಿಸಿತು. ಅಂಗೈಯ ಅರ್ಧದಷ್ಟು ಅಗಲ, ತಳದಲ್ಲಿ ಮಂಕು ಹಳದಿ, ಸುತ್ತ ಬೂದು ಬಣ್ಣ. ಅವನು ಪ್ರತಿ ವಾರದಂತೆ ಗೋಡೆಯ ಮೇಲಿನ ಕೈ ತೊಳೆಯುವ ವಿಧಾನದ ಚಿತ್ರ ನೋಡತೊಡಗಿದ. ಒಂದು, ಎರಡು, ಮೂರು, ಬೆರಳ ಸಂದು, ಹೆಬ್ಬೆರಳು. ಸಿಸ್ಟರ್ ಏನೂ ಮಾತಾಡದಿರುವುದು ಗಮನಕ್ಕೆ ಬಂದು ತಿರುಗಿದ. ಅವಳು ಗಾಯವನ್ನು ನೋಡುತ್ತಿರಲಿಲ್ಲ. ಇನ್ನೊಂದು ಕಾಲಿನ, ಏನೂ ಆಗದ ಕಾಲಿನ, ಕಾಲುಚೀಲ ಇಳಿಸಿ ಪಾದದ ಗಂಟಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದಳು. ಬೆರಳು ತೆಗೆದಳು. ಅಲ್ಲಿ ಒಂದು ಗುಳಿ ಬಿದ್ದಿತ್ತು. ಮೇಣದ ಮೇಲೆ ಒತ್ತಿದಂತೆ ಅದು ಹಾಗೇ ಉಳಿಯಿತು.

"ಯಜಮಾನ್ರೇ, ಮಲಗೋವಾಗ ಎಷ್ಟು ದಿಂಬು ಹಾಕ್ಕೋತೀರಿ?"

"ದಿಂಬಾ? ಒಂದು. ಎಲ್ಲಾರೂ ಎಷ್ಟು ಹಾಕ್ಕೋತಾರೆ?"

"ಚಪ್ಪಟೆ ಮಲಗಿದ್ರೆ ಉಸಿರು ಕಟ್ಟುತ್ತಾ?"

"ಇಲ್ಲಮ್ಮ. ಕಾಲಿನ ಗಾಯಕ್ಕೆ ಬಂದಿದೀನಿ ನಾನು, ದಿಂಬಿಗೆ ಬಂದಿಲ್ಲ," ಎಂದು ಅಣ್ಣ ನಕ್ಕ. ಅವಳು ನಗಲಿಲ್ಲ, ಅವನತ್ತ ತಿರುಗಿದಳು. "ನೀವು ಏನಾಗ್ಬೇಕು?"

"ತಮ್ಮ."

"ಒಂದೇ ಮನೇನಾ? ಇವರು ಎಲ್ಲಿ ಮಲಗ್ತಾರೆ?"

ಕುರ್ಚಿ ಕಿರುಗುಟ್ಟಿದ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಅಣ್ಣ ಅವನನ್ನೇ ನೋಡುತ್ತಿದ್ದ, ಗಿರಾಕಿಯೆದುರು ಬಾಯಿ ಹಾಕಬೇಡ ಅನ್ನುವಾಗಿನ ನೋಟ. "ಬೆಳಗಿನ ಜಾವ ಅಂಗಡಿ ಕುರ್ಚಿಲಿ ಕೂತಿರ್ತಾನೆ," ಅಂದ ಅವನು. "ಕೂತ್ಕೊಂಡೇ ನಿದ್ದೆ ಮಾಡ್ತಾನೆ." ಹೇಳುತ್ತಿದ್ದಂತೆಯೇ ಬಟ್ಟೆಯಂಗಡಿ, ಬೇಕರಿ, ಮೆಟ್ಟಿಲಿನ ಬಲ್ಬು, ಗಾಜಿನ ಹಗುರದ ತುದಿ, ಎಲ್ಲವೂ ಒಂದರ ಪಕ್ಕ ಒಂದು ಬಂದು ನಿಂತವು. ಅಣ್ಣ ಬೈಯಲು ನಿಲ್ಲುತ್ತಿರಲಿಲ್ಲ. ನಿಲ್ಲಲು ಬೈಯುತ್ತಿದ್ದ. ಇಷ್ಟು ಸುಲಭದ ವಿಷಯ, ಹದಿನೇಳು ವಾರ ದಿನವೂ ಆ ಕಾಲಿನ ಚಿಂತೆಯಲ್ಲೇ ಇದ್ದ ತನಗೆ ಕಾಣಲಿಲ್ಲ. ಗಾಯದಲ್ಲಿ ಅವನು ನೋಡಿದ್ದು ತನ್ನನ್ನು ಮಾತ್ರ.

ಸಿಸ್ಟರ್ ಹೊಸ ಕಟ್ಟು ಹಾಕಿ ಒಂದು ಚೀಟಿ ಬರೆದುಕೊಟ್ಟಳು. "ಮೇಲಿನ ಮಹಡಿ, ಹೃದಯದ ಡಾಕ್ಟರು. ಇವತ್ತೇ ತೋರಿಸಿ. ಮೆಟ್ಟಿಲು ಬೇಡ, ಲಿಫ್ಟಲ್ಲಿ ಹೋಗಿ."

ಇಸಿಜಿ ತೆಗೆದರು. ಕತ್ತಲೆ ಕೋಣೆಯಲ್ಲಿ ಮಲಗಿಸಿ ಎದೆಯ ಮೇಲೆ ಜೆಲ್ ಸವರಿ ಯಂತ್ರ ಆಡಿಸಿದರು. ಮಲಗಿಸಿದ ಕೂಡಲೇ ಅಣ್ಣನಿಗೆ ಕೆಮ್ಮು ಬಂತು, ದಿಂಬಿನ ಸುಳ್ಳು ಅಲ್ಲಿಗೇ ಬಯಲಾಯಿತು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಅಳ್ಳಕವಾಗಿ ಅದುರುತ್ತಿತ್ತು. ಮುಷ್ಟಿ ಕಟ್ಟಲು ನೋಡಿ ಕಟ್ಟಲಾಗದೆ ಬಿಡುವ ಕೈಯಂತೆ ಅವನಿಗೆ ಕಂಡಿತು. ಡಾಕ್ಟರು ಐವತ್ತು ದಾಟಿದ ಹೆಂಗಸು, ಕೇಳುವಾಗ ಪೆನ್ನು ಕೈಯಲ್ಲೇ ಹಿಡಿದಿರುತ್ತಿದ್ದರು. ಉಸಿರಾಟದ ತೊಂದರೆ ಎಷ್ಟು ದಿನದಿಂದ ಎಂದು ಕೇಳಿದರು.

"ಒಂದು ವಾರದಿಂದ. ಸ್ವಲ್ಪ," ಅಂದ ಅಣ್ಣ.

"ಎದೆ ನೋವು?"

"ಇಲ್ಲ."

"ಕಾಲಿಗೆ ಗಾಯ ಆಯ್ತಲ್ಲ, ಆವಾಗ ಏನಾಯ್ತು? ತಲೆ ಸುತ್ತು ಬಂತಾ? ಕೈ ಸೋತು ಬಿಟ್ರಾ?"

"ಗಾಜು ಜಾರಿತು."

ಡಾಕ್ಟರು ಬರೆದುಕೊಂಡರು. ಒಂದು ವಾರ ಎಂಬುದನ್ನು ಅವರು ಬರೆಯುವುದು ಅವನಿಗೆ ಕಾಣಿಸಿತು. ಬರೆಯುತ್ತಲೇ, ಒಂದು ವಾರದಲ್ಲಿ ಇಷ್ಟು ಕೆಟ್ಟಿದ್ದರೆ ಹೊಸದಾಗಿ ಏನೋ ಆಗಿರಬೇಕು, ರಕ್ತನಾಳ ಕಟ್ಟಿರಬಹುದು, ಆ ದಾರಿಯಲ್ಲೇ ಮೊದಲು ನೋಡಬೇಕಾಗುತ್ತದೆ, ಹಳೆಯದಾದರೆ ದಾರಿ ಬೇರೆ ಎಂದು ತಮ್ಮಷ್ಟಕ್ಕೆ ಅನ್ನುವಂತೆ ಅಂದರು. ನಡುಬೀದಿಯಲ್ಲಿ, ಗಾಜಿನ ಆ ಕಡೆ ಕಂಡ ಮುಖ ಈಗ ಎದುರು ಬಂದು ನಿಂತಿತ್ತು. ಇಷ್ಟು ದಿನ ಬೆರಳುಗಳನ್ನೇ ನೋಡಿಕೊಂಡಿದ್ದವನು ಆ ಮುಖದ ಕಡೆ ಒಮ್ಮೆಯೂ ನೋಡಿರಲಿಲ್ಲ.

"ಒಂದು ವಾರ ಅಲ್ಲ," ಅಂದ. "ಜಾರಲಿಲ್ಲ, ಡಾಕ್ಟ್ರೇ. ನಾನು ಬಿಟ್ಟೆ. ಬೇಕೂಂತ ಬಿಟ್ಟೆ."

ಕೋಣೆಯಲ್ಲಿ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಅಣ್ಣ ತನ್ನ ಕಟ್ಟು ಹಾಕಿದ ಕಾಲಿನ ತುದಿ ನೋಡುತ್ತ ಕೂತಿದ್ದ.

"ಅವನು ಇಳಿಸು ಅಂದ. ಎರಡು ಸಲ ಅಂದ. ನಂಗೆ ಸಿಟ್ಟಿತ್ತು. ಅದಕ್ಕೇ ಹೇಳದೆ..."

"ಬಿಟ್ಟಿದ್ದು ಇರ್ಲಿ," ಅಂದರು ಡಾಕ್ಟರು, ಪೆನ್ನು ಆಡಿಸುತ್ತ. "ಯಾಕೆ ಇಳಿಸು ಅಂದ್ರು? ಮುಖ ಹೆಂಗಿತ್ತು? ತುಟಿ ಬಣ್ಣ ನೋಡಿದ್ರಾ?"

ಹದಿನೇಳು ವಾರ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. ಅದು ಅವರ ಮೇಜಿನ ಮೇಲೆ ಬಿದ್ದು, ಬೇಡದ ಕಾಗದದಂತೆ ಪಕ್ಕಕ್ಕೆ ಸರಿಯಿತು. ಅವರಿಗೆ ಬೇಕಿದ್ದುದು ತುಟಿಯ ಬಣ್ಣ. ಅವನು ಹೇಳಿದ. ಬೂದಿ ಬಡಿದ ಹಾಗಿತ್ತು ಮುಖ, ತುಟಿ ನೀಲಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ಅದಕ್ಕೂ ಮೊದಲೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದ, ಆರೇಳು ತಿಂಗಳಿಂದ. ಹೇಳುತ್ತ ಹೋದಂತೆ ತನಗೆ ಇಷ್ಟೆಲ್ಲ ಗೊತ್ತಿತ್ತೆಂದು ಅವನಿಗೇ ಆಶ್ಚರ್ಯವಾಯಿತು. ಡಾಕ್ಟರು ಒಂದು ವಾರವನ್ನು ಹೊಡೆದುಹಾಕಿ ಬೇರೆ ಏನೋ ಬರೆದರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಹೃದಯ ರಕ್ತವನ್ನು ಎಷ್ಟು ಜೋರಾಗಿ ತಳ್ಳಬೇಕೋ ಅದರ ಅರ್ಧ ತಳ್ಳುತ್ತಿದೆ. ಗಾಯ ಮಾಯುವುದು ಅಂದರೆ ಕಿತ್ತುಹೋದ ಗೋಡೆಯನ್ನು ಮತ್ತೆ ಕಟ್ಟುವ ಕೆಲಸ, ಬೇಕಾದ್ದೆಲ್ಲ ರಕ್ತದ ಜೊತೆ ಅಲ್ಲಿಗೆ ತಲುಪಬೇಕು. ಹೃದಯದಿಂದ ಅಷ್ಟು ದೂರದ ಕಾಲಿಗೆ ಅದು ಸರಿಯಾಗಿ ತಲುಪುತ್ತಿಲ್ಲ. ಹೋದದ್ದು ಸರಿಯಾಗಿ ವಾಪಸೂ ಬರುತ್ತಿಲ್ಲ, ನೀರಾಗಿ ಅಲ್ಲೇ ನಿಲ್ಲುತ್ತಿದೆ. ನೀರು ತುಂಬಿದ ಮಾಂಸದಲ್ಲಿ ಚರ್ಮ ಹೇಗೆ ಕೂಡಿಕೊಂಡೀತು? "ಮೇಲೆ ಎಷ್ಟು ಮುಲಾಮು ಹಚ್ಚಿದ್ರೂ ಅಷ್ಟೇ."

"ಹಾಗಾದ್ರೆ ಮಾಯದೆ ಇದ್ದಿದ್ದು..." ಅವನು ಕೇಳಿದ.

"ಗಾಯ ಆಗಿದ್ದು ಗಾಜಿಂದ. ಮಾಯದೆ ಇದ್ದಿದ್ದು ಹೃದಯದಿಂದ."

ಅವನ ಎದೆಯೊಳಗೆ ಏನೋ ಸಡಿಲವಾಯಿತು. ಉಸಿರು ಹಾಯಾಗಿ ಬಂತು. ಹದಿನೇಳು ವಾರದಲ್ಲಿ ಎರಡು ವಾರ ಮಾತ್ರ ತನ್ನದು, ಉಳಿದ ಹದಿನೈದು ಹೃದಯದ್ದು ಎಂದು ಮನಸ್ಸು ತಾನಾಗಿ ಪಾಲು ಹಾಕಿತು. ಅಷ್ಟರಲ್ಲಿ ಪಕ್ಕದಲ್ಲಿ ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿರುವುದು ಕಂಡಿತು. ಅಣ್ಣನ ಹೃದಯ ಕೆಟ್ಟಿದೆ ಎಂದು ಕೇಳಿ ತನಗೆ ಹಾಯೆನಿಸಿತಲ್ಲ! ಅವನ ಕಿವಿ ಬಿಸಿಯಾಯಿತು. ಗುಂಡಿ ಹಾಕಲು ಕೈ ಚಾಚಿದ. ಅಣ್ಣ ಆ ಕೈಯನ್ನು ಪಕ್ಕಕ್ಕೆ ತಳ್ಳಿದ.

ಐದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನೀರಿಳಿಸುವ ಔಷಧಿ ಕೊಟ್ಟು ದಿನವೂ ತೂಕ ನೋಡಿದರು. ಕಾಲಿನ ರಕ್ತನಾಳಗಳನ್ನು ಯಂತ್ರದಲ್ಲಿ ನೋಡಿ, ಕಟ್ಟಿಕೊಂಡಿಲ್ಲ, ಪುಣ್ಯ ಅಂದರು. ಎರಡು ದಿನ ಅಣ್ಣ ಅವನೊಡನೆ ಮಾತಾಡಲಿಲ್ಲ. ಅತ್ತಿಗೆ ಹೋಗಿ ಬರುತ್ತಿದ್ದಳು, ಅವಳಿಗೆ ಹೃದಯದ ಸುದ್ದಿ ಮಾತ್ರ ಗೊತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅವಳು ಔಷಧಿ ತರಲು ಕೆಳಗೆ ಹೋದಾಗ, ಮೂರು ದಿಂಬಿಗೆ ಒರಗಿದ್ದ ಅಣ್ಣ ಕಿಟಕಿಯ ಕಡೆ ಮುಖ ಮಾಡಿಯೇ ಅಂದ:

"ರೋಗಿ ಮಾಡಿಬಿಟ್ಟೆಯಲ್ಲೋ ನನ್ನ."

ಅವನು "ಕ್ಷಮಿಸು" ಎಂಬ ಮಾತನ್ನು ತಂದಿಟ್ಟುಕೊಂಡಿದ್ದ, ಅದು ಈ ಮಾತಿಗೆ ಉತ್ತರವಾಗುತ್ತಿರಲಿಲ್ಲ.

"ನೀನು ಬಿಟ್ಟಿದ್ದು ನಂಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಆ ಕಡೆ ಹಿಡ್ಕೊಂಡಿದ್ದೋನು ನಾನು. ಜಾರೋ ಗಾಜು ಒಂದು ಥರ ಇಳಿಯುತ್ತೆ, ಬಿಟ್ಟ ಗಾಜು ಒಂದು ಥರ. ನಂಗೆ ಹೇಳಿಕೊಡ್ತೀಯಾ ಅದನ್ನ?"

"ಮತ್ಯಾಕೆ ಸುಮ್ಮನಿದ್ದೆ?"

ಅಣ್ಣ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. ಆಚೆ ಯಾರೋ ಬಕೆಟ್ಟು ಎಳೆಯುತ್ತ ಹೋದರು. "ನೀನು ಬಿಟ್ಟೆ ಅಂದಿದ್ರೆ, ಯಾಕೆ ಬಿಟ್ಟ, ನೀನ್ಯಾಕೆ ಇಳಿಸು ಅಂದೆ ಅಂತ ನಿನ್ನ ಅತ್ತಿಗೆ ಕೇಳ್ತಿರಲಿಲ್ವಾ? ಹತ್ತು ಹೆಜ್ಜೆ ಗಾಜು ಹೊರೋಕಾಗ್ಲಿಲ್ಲ ಅಂತ ಹೇಳ್ಬೇಕಿತ್ತಾ ನಾನು? ಇಡೀ ಬೀದೀಲಿ? ಅದಕ್ಕೇ ಜಾರಿತು ಅಂದೆ. ನಿನ್ನ ಉಳಿಸೋಕೆ ಅಂತ ಅಂದ್ಕೊಂಡಿದ್ಯೇನೋ. ಅಷ್ಟು ದೊಡ್ಡೋನಲ್ಲ ನಾನು."

ಅವನು ಹಾಗೆಯೇ ಅಂದುಕೊಂಡಿದ್ದ. ಹದಿನೇಳು ವಾರ ಅಣ್ಣನ ಮೌನವನ್ನು ಬೆಟ್ಟದಂತೆ ಬೆನ್ನ ಮೇಲೆ ಹೊತ್ತು, ಅದರ ಭಾರಕ್ಕೆ ಕುಗ್ಗಿ, ಒಳಗೊಳಗೇ ಅವನ ದೊಡ್ಡತನವನ್ನು ದ್ವೇಷಿಸಿದ್ದ. ಆ ದೊಡ್ಡತನ ಇರಲೇ ಇಲ್ಲ. ಇಬ್ಬರೂ ಒಂದೇ ಸುಳ್ಳಿನ ಎರಡು ತುದಿ ಹಿಡಿದುಕೊಂಡು, ಒಬ್ಬನ ಮುಖ ಇನ್ನೊಬ್ಬ ನೋಡದೆ ನಿಂತಿದ್ದರು. ಇದರಿಂದ ಸಮಾಧಾನವಾಗಬೇಕಿತ್ತು. ಬದಲು ಏನೋ ಕಳೆದುಕೊಂಡಂತಾಯಿತು. ದೊಡ್ಡವನೆದುರು ತಪ್ಪಿತಸ್ಥನಾಗಿರುವುದರಲ್ಲಿ ಒಂದು ಆಸರೆ ಇತ್ತು. ದಿಂಬಿಗೆ ಒರಗಿ, ಹೆದರಿ, ಕಿಟಕಿ ನೋಡುತ್ತಿರುವ ಈ ಮನುಷ್ಯನೆದುರು ಹೇಗೆ ಕೂರಬೇಕೆಂಬುದು ಅವನಿಗೆ ತಿಳಿಯಲಿಲ್ಲ.

"ಹೆದರಿಕೆ ಆಗಿತ್ತಾ ನಿಂಗೆ?" ಎಂದು ಕೇಳಿದ.

"ಬೆಳಗಿನ ಜಾವ ಆಗ್ತಿತ್ತು," ಅಂದ ಅಣ್ಣ. "ನೀನು ಆ ಕೋಣೇಲಿ ಎಚ್ಚರ ಇದೀಯ ಅಂತ ಗೊತ್ತಾಗ್ತಿತ್ತು. ಸುಮ್ನೆ ಬಿದ್ಕೊಂಡಿರ್ತಿದ್ದೆ, ಉಸಿರೂ ಆಡದೆ. ಅದಕ್ಕೇ ನಾನು ಕೆಳಗೆ ಬರ್ತಿದ್ದೆ. ಒಬ್ಬನೇ ಅಲ್ವಲ್ಲ ಅಂತ."

ಮನೆಗೆ ಬಂದ ಮೇಲೆ ಅತ್ತಿಗೆಗೆ ಹೇಳಿದವನು ಅವನೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಅಣ್ಣ ಮುಚ್ಚಿಟ್ಟದ್ದನ್ನೂ ಹೇಳಿದ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಅವನು ಎರಡಕ್ಕೂ ಸಿದ್ಧನಾಗಿದ್ದ. ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು, ಬೆರಳ ಸಂದುಗಳ ಬಿರುಕುಗಳನ್ನು.

"ನಾನು ಏನಂದ್ಕೊಂಡಿದ್ದೆ ಗೊತ್ತಾ? ನನ್ನ ಕೈಯಿಂದಾನೇ ಕೀವಾಗ್ತಿದೆ ಅಂದ್ಕೊಂಡಿದ್ದೆ. ಎಷ್ಟು ತೊಳೆದ್ರೂ ಹೋಗದೇ ಇರೋ ಕೊಳೆ ಏನೋ ಇದೆ ಅಂದ್ಕೊಂಡಿದ್ದೆ. ನೀವಿಬ್ಬರೂ ದಿನಾ ನೋಡ್ತಿದ್ರಿ ನನ್ನ. ಒಬ್ಬರಾದ್ರೂ ಬಾಯಿ ಬಿಟ್ರಾ?"

"ಅತ್ತಿಗೆ..."

"ಏನೂ ಮಾತಾಡ್ಬೇಡ. ತಟ್ಟೆ ಅಲ್ಲಿದೆ, ಬಡಿಸ್ಕೊಂಡು ಊಟ ಮಾಡು."

ಹನ್ನೊಂದು ದಿನ ಅವನು ಬಡಿಸಿಕೊಂಡೇ ಊಟ ಮಾಡಿದ. ಅಣ್ಣನೂ ಅಷ್ಟೇ. ಉಪ್ಪಿಲ್ಲದ ಅಡುಗೆ ಮೂವರಿಗೂ ಒಂದೇ. ಇಬ್ಬರೂ ಎದುರುಬದುರು ಕೂತು ತಲೆ ಬಗ್ಗಿಸಿ ಉಣ್ಣುವಾಗ ಒಮ್ಮೆ ಅಣ್ಣ ಮೆಲ್ಲಗೆ, "ಕಾಯಿಲೆ ನಂಗೆ, ಶಿಕ್ಷೆ ಇಬ್ಬರಿಗೂ," ಅಂದ. ನಗು ಬಂತು, ಅಡುಗೆಮನೆಯ ಕಡೆ ನೋಡಿ ಇಬ್ಬರೂ ನುಂಗಿಕೊಂಡರು. ಹನ್ನೆರಡನೆಯ ದಿನ ಅವಳು ಸೌಟು ಹಿಡಿದು ಬಂದು, ಏನೂ ಹೇಳದೆ, ಇಬ್ಬರಿಗೂ ಬಡಿಸಿದಳು. ಆದರೆ ಅವನನ್ನು ನೋಡುವ ಅವಳ ನೋಟದಲ್ಲಿ ಮೊದಲಿದ್ದ ಒಂದು ಸಲಿಗೆ ಹೋಗಿತ್ತು. ಅದು ವಾಪಸು ಬಂದೀತೆಂದು ಅವನು ಕಾಯಲಿಲ್ಲ.

ಡಾಕ್ಟರು ಸುಳ್ಳು ಆಸೆ ಹುಟ್ಟಿಸಲಿಲ್ಲ. ಹೃದಯ ಮೊದಲಿನ ಹಾಗೆ ಆಗುವುದಿಲ್ಲ, ಮಾತ್ರೆ ಜೀವನವಿಡೀ, ಭಾರ ಎತ್ತುವ ಹಾಗಿಲ್ಲ. ಅಣ್ಣ ಕುರ್ಚಿಯಲ್ಲಿ ಕೂತು ಅಂಚು ಮಸೆಯುವ ಕೆಲಸ ಹಿಡಿದ, ದೊಡ್ಡ ಗಾಜುಗಳ ಆರ್ಡರು ಬೇರೆ ಅಂಗಡಿಗಳಿಗೆ ಹೋಯಿತು. ರಾತ್ರಿ ಮಹಡಿಯಲ್ಲೇ ಮಲಗಿ ಬೆಳಗಿನವರೆಗೆ ನಿದ್ದೆ ಮಾಡತೊಡಗಿದ. ಕೆಳಗಿನ ಕೋಣೆಯಲ್ಲಿ ಅವನಿಗೆ ಮಾತ್ರ ಬೆಳಗಿನ ಜಾವ ಎಚ್ಚರವಾಗಿಬಿಡುತ್ತಿತ್ತು. ಅಂಗಡಿಯಲ್ಲಿ ಯಾವ ಸದ್ದೂ ಇರುತ್ತಿರಲಿಲ್ಲ. ಸದ್ದಿಲ್ಲದ್ದಕ್ಕೇ ಹೆದರಿ ಎದ್ದು ಹೋಗಿ ಮೆಟ್ಟಿಲ ಬುಡದಲ್ಲಿ ನಿಂತು, ಮೇಲಿಂದ ಗೊರಕೆ ಕೇಳಿಸಿದ ಮೇಲೆ ವಾಪಸು ಬಂದು ಮಲಗುತ್ತಿದ್ದ.

ಕಾಲಿನ ಊತ ಇಳಿಯಿತು, ಮೂಳೆಯ ಅಂಚು ಕಾಣಿಸಿತು. ಗಾಯದ ತಳ ಕೆಂಪಾಯಿತು, ದಾಳಿಂಬೆ ಕಾಳಿನಂಥ ಕೆಂಪು. ಕನ್ನಡಕದ ಸಿಸ್ಟರ್ ಅದನ್ನು ನೋಡಿ ಮೊದಲ ಸಲ ನಕ್ಕಳು. ವಾರ ವಾರ ಅಂಚು ಒಳಕ್ಕೆ ಬಂತು, ಈ ಸಲ ಹಿಂದೆ ಹೋಗಲಿಲ್ಲ. ಹನ್ನೊಂದನೆಯ ವಾರ, ಇನ್ನು ಕಟ್ಟು ಬೇಡ, ಬರುವುದೂ ಬೇಡ, ಮನೆಯಲ್ಲಿ ತೊಳೆದು ಗಾಳಿಗೆ ಬಿಡಿ ಅಂದಳು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅತ್ತಿಗೆ ಒಂದು ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತಂದಳು. ಅಣ್ಣ ಕಾಲು ಚಾಚಿ ಕೂತ. ಅವಳು ಬರಿಗೈಯಿಂದ ತೊಳೆದಳು, ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆದಳು. ಹೊಸ ಚರ್ಮ ತೆಳ್ಳಗೆ, ಹೊಳೆಯುತ್ತ, ಈರುಳ್ಳಿಯ ಒಳಪದರದ ಹಾಗೆ ಇತ್ತು. ಸುತ್ತ ಕಂದು ಕಲೆ. ಅವನು ದೂರದಲ್ಲಿ ನಿಂತು ನೋಡುತ್ತಿದ್ದ, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಬಾ ಇಲ್ಲಿ," ಅಂದಳು ಅತ್ತಿಗೆ. "ಮುಟ್ಟಿ ನೋಡು."

"ಬೇಡ ಅತ್ತಿಗೆ."

"ಬಾ ಅಂದೆ."

ಅವನು ಬಂದು ಮಂಡಿಯೂರಿದ. ಅವಳು ಅವನ ತೋರುಬೆರಳನ್ನು ಹಿಡಿದು ಅಲ್ಲಿ ಇಟ್ಟಳು. "ಒತ್ತಬೇಡ. ಸುಮ್ನೆ ಇಡು." ಬೆರಳ ತುದಿಗೆ ಬೆಚ್ಚಗೆ ತಾಗಿತು. ಆ ಕಾಲು ಬೆಚ್ಚಗಿರಬಹುದೆಂದು ಅವನು ಎಣಿಸಿರಲಿಲ್ಲ. ಒರಟು ಬೆರಳು, ಗಾಜಿನ ಪುಡಿ ಹತ್ತಿ ಹತ್ತಿ ಗಡುಸಾದದ್ದು, ಎಲ್ಲಿ ಗೀರಿಬಿಡುತ್ತದೋ ಎಂದು ಅವನಿಗೆ ಭಯವಾಯಿತು. ಅಣ್ಣನ ಮುಖದಲ್ಲಿ ಏನಿದೆಯೆಂದು ತಲೆ ಎತ್ತಿ ನೋಡಿದ. ಕ್ಷಮೆಯೋ, ಸಿಟ್ಟೋ, ಏನಾದರೊಂದು ಇರಬೇಕಿತ್ತು. ಅಣ್ಣ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಏನನ್ನೋ ತಡೆದುಕೊಂಡು ಕೂತಿದ್ದ.

"ನೋಯ್ತಿದ್ಯಾ?" ಎಂದು ಅವನು ಕೇಳಿದ.

"ಇಲ್ಲ ಕಣೋ. ಕಚಗುಳಿ," ಅಂದ ಅಣ್ಣ. ಆದರೂ ಕಾಲನ್ನು ಎಳೆದುಕೊಳ್ಳಲಿಲ್ಲ.

ಅತ್ತಿಗೆ ಬೇಸಿನ್ನು ಎತ್ತಿಕೊಂಡು ಎದ್ದಳು. "ಸಾಕು, ಕೈ ತೆಗಿ," ಅಂದಳು. "ಗಾಳಿ ಆಡ್ಲಿ."